ಚಾರಣ ಪ್ರಶ್ನೋತ್ತರ: ಏದುಸಿರು ಬಿಡುವ ಜೊತೆಗಾರ

ಚಳಿಗಾಲ ಕಾಲಿಟ್ಟ ಕೂಡಲೇ ಕುಮಾರ ಪರ್ವತದ ಪತ್ರಗಳು ಶುರುವಾಗುತ್ತವೆ. ಈ ಸಲ ದಾರಿ ಯಾವುದು, ಬೂಟು ಯಾವುದು ಎಂದು ಕೇಳಿದವರಿಗಿಂತ ‘ಜೊತೆಗೆ ಬಂದವರ ಕೈಲಿ ಆಗದಿದ್ದರೆ ಏನು ಮಾಡೋದು’ ಎಂದು ಕೇಳಿದವರೇ ಹೆಚ್ಚು. ಅಂಥವನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಹೆಂಡತಿಗೆ ವ್ಯಾಯಾಮದ ರೂಢಿ ಇಲ್ಲ, ಆದರೆ ಬರುವ ಆಸೆ ಇದೆ. ಡಿಸೆಂಬರಿನಲ್ಲಿ ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಅದೇ ದಿನ ಇಳಿಯಬಹುದೇ? (ದಾವಣಗೆರೆ)

ನೀವೊಬ್ಬರೇ ಆದರೆ ಆದೀತು. ಇಬ್ಬರಿಗೂ ಆಗದು. ಇದು ಧೈರ್ಯದ ಮಾತಲ್ಲ, ಲೆಕ್ಕದ ಮಾತು.

ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ, ಪರ್ವತದ ತುದಿ 1712 ಮೀಟರಿನಲ್ಲಿ. ಅಂದರೆ ಏರಿಕೆಯೇ 1590 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರವೇನೋ ಹೌದು, ಆದರೆ ಅಲ್ಲಿ ಗಾಡಿ ಬಹುತೇಕ ತುದಿಯ ಹತ್ತಿರಕ್ಕೇ ಹೋಗುತ್ತದೆ. ಇಲ್ಲಿ ಎಲ್ಲವನ್ನೂ ಕಾಲೇ ಹತ್ತಬೇಕು. ದಾರಿ ಒಂದು ಕಡೆಗೆ 12–13 ಕಿ.ಮೀ.

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಹಾಕಿಕೊಟ್ಟ ಒಂದು ಲೆಕ್ಕ ಇಂದಿಗೂ ಚಾರಣಿಗರಿಗೆ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಮೇಲಾಗಿ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 13 ಕಿ.ಮೀ.ಗೆ 2 ಗಂಟೆ 36 ನಿಮಿಷ, 1590 ಮೀಟರಿಗೆ 2 ಗಂಟೆ 39 ನಿಮಿಷ, ಒಟ್ಟು ಐದೂಕಾಲು ಗಂಟೆ. ಇದು ಪಳಗಿದ ಕಾಲಿನ ಲೆಕ್ಕ, ವಿಶ್ರಾಂತಿ ಇದರಲ್ಲಿ ಸೇರಿಲ್ಲ. ಹೊಸಬರಿಗೆ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಎಂಟು ಗಂಟೆ ಹತ್ತಲಿಕ್ಕೇ ಆಯಿತು. ಇಳಿಯಲು ಐದು. ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲಿರುವುದು ಹನ್ನೊಂದೂವರೆ ಗಂಟೆ. ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಉಳಿದ ಒಂದೂವರೆ ಗಂಟೆಯನ್ನು ಎಲ್ಲಿಂದ ತರುತ್ತೀರಿ?

ಎರಡು ದಾರಿಗಳಿವೆ. ಒಂದು, ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತುವುದು. ದೂರ ಹೆಚ್ಚುಕಡಿಮೆ ಅರ್ಧ, ಏರಿಕೆಯೂ ಸಾಕಷ್ಟು ಕಡಿಮೆ. ಆದರೆ ತುದಿಯ ಹತ್ತಿರದ ಬಂಡೆಗಳು ಇಬ್ಬನಿ ಬಿದ್ದಾಗ ಜಾರುತ್ತವೆ. ಇನ್ನೊಂದು, ಕುಕ್ಕೆಯಿಂದಲೇ ಹೊರಟು, ನಡುದಾರಿಯಲ್ಲಿ ಸಿಗುವ ಭಟ್ಟರ ಮನೆಯನ್ನೋ ಅದರ ಮೇಲಿನ ಕಲ್ಲುಮಂಟಪವನ್ನೋ ಆ ದಿನದ ಗುರಿ ಮಾಡಿಕೊಳ್ಳುವುದು. ಮಂಟಪದಿಂದ ಕಾಣುವ ಹುಲ್ಲುಗಾವಲಿನ ನೋಟಕ್ಕೆ ತುದಿಯ ನೋಟಕ್ಕಿಂತ ಒಂದು ಗುಲಗಂಜಿ ತೂಕವೂ ಕಡಿಮೆಯಿಲ್ಲ. ತುದಿಯಲ್ಲಿ ಅರ್ಧ ದಿನ ಮೋಡವೇ ಇರುತ್ತದೆ ಬೇರೆ.

ಹೊರಡುವ ಮೊದಲು ಪರೀಕ್ಷೆ ಬೇಕಿದ್ದರೆ, ಮೈಸೂರಿನ ಹತ್ತಿರದವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ. ಬೆನ್ನಿಗೆ 5 ಕಿಲೋ ಹೊತ್ತು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿಯಲಿ. ದಾವಣಗೆರೆಯಲ್ಲಿ ನಾಲ್ಕೈದು ಮಹಡಿಯ ಯಾವುದಾದರೂ ಕಟ್ಟಡ ಸಾಕು: ಒಂದು ಮಹಡಿಗೆ 3 ಮೀಟರ್ ಎಂದು ಹಿಡಿದು, ಒಂದು ಗಂಟೆಯಲ್ಲಿ 100 ಮಹಡಿ ಹತ್ತಬೇಕು, ಅಷ್ಟನ್ನೂ ಇಳಿಯಬೇಕು. ಅಸಲಿ ಪರೀಕ್ಷೆ ಇರುವುದು ಮಾರನೆಯ ದಿನ. ಎದ್ದು ಕಂಬಿ ಹಿಡಿಯದೆ ಮೆಟ್ಟಿಲು ಇಳಿಯಲು ಬಂದರೆ ಕಾಲು ಸಿದ್ಧವಾಗಿದೆ. ಇಲ್ಲವಾದರೆ ವಾರಕ್ಕೆ ಮೂರು ದಿನದಂತೆ ಇನ್ನೂ ಆರು ವಾರ.

ಅನುಮತಿ ಬಗ್ಗೆಯೂ ಹಲವರು ಕೇಳಿದ್ದಾರೆ. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಆದ ನೂಕುನುಗ್ಗಲಿನ ನಂತರ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದಿದೆ. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಕೊಂಡು, ಆ ಋತುವಿನ ಪ್ರವೇಶದ ಸಮಯವನ್ನೂ ವಾಪಸಾಗಬೇಕಾದ ಸಮಯವನ್ನೂ ಅಲ್ಲೇ ನೋಡಿಕೊಳ್ಳಿ. ನಿಧಾನ ನಡೆಯುವವರ ಜೊತೆ ಹೋಗುವಾಗ ಗೇಟು ತೆರೆಯುವ ಹೊತ್ತಿಗೇ ಅಲ್ಲಿರಬೇಕು.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಬ್ಬ ಯಾವಾಗಲೂ ಹಿಂದೆ ಬೀಳುತ್ತಾನೆ. ಪ್ರತಿ ತಿರುವಿನಲ್ಲೂ ಕಾಯುತ್ತೇವೆ. ಆದರೂ ಮಧ್ಯಾಹ್ನದ ಹೊತ್ತಿಗೆ ಅವನು ಪೂರ್ತಿ ಸೋತಿರುತ್ತಾನೆ. ಏಕೆ? (ಹುಬ್ಬಳ್ಳಿ)

ನೀವು ಕಾಯುವ ರೀತಿಯಿಂದಲೇ. ಮುಂದೆ ಹೋದ ನಾಲ್ವರು ತಿರುವಿನಲ್ಲಿ ಹತ್ತು ನಿಮಿಷ ಕೂರುತ್ತಾರೆ, ನೀರು ಕುಡಿಯುತ್ತಾರೆ, ಫೋಟೊ ತೆಗೆಯುತ್ತಾರೆ. ಐದನೆಯವನು ಏದುಸಿರು ಬಿಡುತ್ತಾ ಬಂದು ತಲುಪುತ್ತಾನೆ. ‘ಬಂದೆಯಾ? ಸರಿ, ನಡೀರಿ’ ಎಂದು ಎಲ್ಲರೂ ಎದ್ದುಬಿಡುತ್ತಾರೆ. ದಮ್ಮು ಹೆಚ್ಚಿದ್ದವರಿಗೆ ಹತ್ತು ನಿಮಿಷ ವಿಶ್ರಾಂತಿ, ದಮ್ಮು ಇಲ್ಲದವನಿಗೆ ಸೊನ್ನೆ. ದಿನಕ್ಕೆ ಎಂಟು ಸಲ ಹೀಗಾದರೆ ಎಂಬತ್ತು ನಿಮಿಷದ ವ್ಯತ್ಯಾಸ. ಸೋಲದೆ ಇನ್ನೇನು?

ವಿಶ್ರಾಂತಿಯ ಗಡಿಯಾರ ಶುರುವಾಗಬೇಕಾದ್ದು ಕೊನೆಯವನು ಕೂತ ಮೇಲೆ. 45–50 ನಿಮಿಷ ನಡೆದು 5–7 ನಿಮಿಷ ಕೂರುವುದು ಸಾಕು. ಅದಕ್ಕಿಂತ ಹೆಚ್ಚು ಕೂತರೆ ಸ್ನಾಯು ತಣ್ಣಗಾಗಿ ಮತ್ತೆ ಏಳುವಾಗ ಕಾಲು ಹಿಡಿಯುತ್ತದೆ.

ನಡೆಯುವ ಕ್ರಮವನ್ನೂ ಬದಲಿಸಿ. ದಾರಿ ಬಲ್ಲವರು ಮೊದಲು, ಅವರ ಬೆನ್ನಿಗೇ ಎರಡನೆಯ ಸ್ಥಾನದಲ್ಲಿ ನಿಧಾನ ನಡೆಯುವವನು, ಕೊನೆಯಲ್ಲಿ ಗಟ್ಟಿಗ. ಹಿಂದೆ ಬಿದ್ದವನು ಸದಾ ಅಂತರ ಮುಚ್ಚಲು ಹೋಗಿ ತನ್ನ ಶಕ್ತಿಗಿಂತ ವೇಗವಾಗಿ ಹೆಜ್ಜೆ ಹಾಕುತ್ತಾನೆ, ಉಸಿರು ಕಟ್ಟಿ ನಿಲ್ಲುತ್ತಾನೆ, ಮತ್ತೆ ಓಡುತ್ತಾನೆ. ಎರಡನೆಯವನಾಗಿ ನಡೆದರೆ ಈ ಓಟವೇ ಇರುವುದಿಲ್ಲ. ವೇಗ ಸರಿಯಿದೆಯೇ ಎಂದು ತಿಳಿಯಲು ಗಡಿಯಾರ ಬೇಡ. ನಡೆಯುತ್ತಲೇ ಏಳೆಂಟು ಪದಗಳ ಒಂದು ವಾಕ್ಯವನ್ನು ಅವನು ಒಂದೇ ಉಸಿರಿಗೆ ಹೇಳಬೇಕು. ಎರಡು ಪದಕ್ಕೊಮ್ಮೆ ಉಸಿರೆಳೆದರೆ ವೇಗ ಜಾಸ್ತಿಯಾಗಿದೆ ಎಂದೇ ಅರ್ಥ. ಕುಕ್ಕೆಯ ದಾರಿಯಲ್ಲಿ ಭೀಮನ ಬಂಡೆಗೆ ಮುಂಚಿನ ಬೇರು-ಕಲ್ಲಿನ ಏರಿನಲ್ಲಿ ಬಹುತೇಕ ಗುಂಪುಗಳು ಮಾಡುವ ತಪ್ಪು ಇದೇ. ಬೆಳಗಿನ ಹುರುಪಿನಲ್ಲಿ ಮೊದಲ ಗಂಟೆ ಓಡಿ, ಭಟ್ಟರ ಮನೆಯಿರುವ ಗಿರಿಗದ್ದೆ ದಾಟಿದ ಮೇಲೆ ನೆರಳಿಲ್ಲದ ಹುಲ್ಲುಗಾವಲಿನಲ್ಲಿ ಅದರ ಬಡ್ಡಿ ಕಟ್ಟುತ್ತಾರೆ.

ಕಡಿದಾದ ಏರಿಗೆ ಒಂದು ಹೆಜ್ಜೆಯ ಉಪಾಯವಿದೆ. ಮುಂದಿನ ಕಾಲನ್ನು ಇಟ್ಟು, ಹಿಂದಿನ ಮಂಡಿಯನ್ನು ನೇರ ಮಾಡಿ, ಅರೆಕ್ಷಣ ಅದರ ಮೇಲೇ ನಿಲ್ಲುವುದು. ಆ ಅರೆಕ್ಷಣ ಭಾರ ಸ್ನಾಯುವಿನ ಮೇಲಲ್ಲ, ಎಲುಬಿನ ಮೇಲಿರುತ್ತದೆ. ಆಮೇಲೆ ಮುಂದಿನ ಕಾಲಿಗೆ ಭಾರ ವರ್ಗಾಯಿಸಿ. ನೋಡುವವರಿಗೆ ಮದುವಣಗಿತ್ತಿಯ ನಡಿಗೆಯಂತೆ ಕಾಣುತ್ತದೆ. ಹಾಗೆ ನಡೆದವರು ಗಂಟೆಗಟ್ಟಲೆ ನಿಲ್ಲದೆ ಹತ್ತುತ್ತಾರೆ.

ಭಾರ ಹಂಚಿಕೊಳ್ಳುವುದನ್ನು ಅವನು ಸುಸ್ತಾದ ಮೇಲೆ ಅಲ್ಲ, ಬುಡದಲ್ಲೇ ಮಾಡಿ. 60 ಕಿಲೋ ತೂಗುವವನ ಬೆನ್ನಿಗೆ 5 ಕಿಲೋ ದಾಟಬಾರದು. ನೀರು, ಟಾರ್ಚು, ಮಳೆಕೋಟು, ತಿಂಡಿ ಮಾತ್ರ ಅವನ ಬಳಿ ಇರಲಿ. ಬ್ಯಾಗನ್ನೇ ಪೂರ್ತಿ ಕಸಿದುಕೊಳ್ಳಬೇಡಿ. ಅವನು ಬೇರೆಯಾದರೆ ನೀರೂ ಬೇರೆಯಾಗುತ್ತದೆ.

ಪ್ರಶ್ನೆ: ನಾಲ್ಕು ಲೀಟರ್ ನೀರು ಕುಡಿದರೂ ಗೆಳತಿಗೆ ತಲೆಸುತ್ತು, ವಾಕರಿಕೆ, ಮೀನಖಂಡದಲ್ಲಿ ಸೆಳೆತ. ನೀರು ಇನ್ನೂ ಕಡಿಮೆಯಾಯಿತೇ? (ಶಿವಮೊಗ್ಗ)

ನೀರು ಸಾಕಾಗಿದೆ, ಉಪ್ಪು ಸಾಲದೇ ಹೋಗಿದೆ. ಬೆವರಿನಲ್ಲಿ ಹೋದ ಸೋಡಿಯಂ ವಾಪಸು ಬರದೆ ಬರೀ ನೀರು ತುಂಬಿಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಲಕ್ಷಣಗಳು ನಿರ್ಜಲೀಕರಣದಂತೆಯೇ ಕಾಣುವುದರಿಂದ ಜನ ಮತ್ತಷ್ಟು ನೀರು ಕುಡಿಸಿ ಕೆಡಿಸುತ್ತಾರೆ. ಸುಳಿವು ಮೂತ್ರದಲ್ಲಿದೆ. ಗಾಢ ಹಳದಿಯಾಗಿ ಕಡಿಮೆ ಹೋಗುತ್ತಿದ್ದರೆ ನೀರಿನ ಕೊರತೆ. ನೀರಿನಂತೆ ತಿಳಿಯಾಗಿ ಪದೇ ಪದೇ ಹೋಗುತ್ತಾ, ಬೆರಳು ಊದಿ ಉಂಗುರ ಬಿಗಿಯಾಗಿದ್ದರೆ ಉಪ್ಪಿನ ಕೊರತೆ. ಎರಡನೆಯದಾದರೆ ಬರೀ ನೀರು ನಿಲ್ಲಿಸಿ, ಉಪ್ಪಿನದ್ದೇನಾದರೂ ತಿನ್ನಿಸಿ. ಮಾತು ತೊದಲಿದರೆ, ಗೊಂದಲ ಕಂಡರೆ ಅದು ಆಸ್ಪತ್ರೆಯ ಕೇಸು.

ಬಿಸಿಲಿನ ಏರಿನಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು, ಗುಟುಕು ಗುಟುಕಾಗಿ. ಪ್ರತಿ ಮೂರನೆಯ ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ ಬೆರೆಸಿ. 20.5 ಗ್ರಾಂ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಬಾಟಲಿಗೆ ಸುರಿದು ‘ಸ್ಟ್ರಾಂಗ್’ ಮಾಡಿದರೆ ವಾಂತಿ ಖಚಿತ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರಿಗೆ ಆರು ಸಪಾಟು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಅಂಗಡಿಯ ಗ್ಲೂಕೋಸ್ ಪುಡಿಯಲ್ಲಿ ಇರುವುದು ಮುಖ್ಯವಾಗಿ ಸಕ್ಕರೆ, ಅದನ್ನು ಓಆರ್‌ಎಸ್ ಎಂದುಕೊಳ್ಳಬೇಡಿ.

ಊಟ ಒಂದೇ ಸಲ ಬೇಡ. ಗಂಟೆಗೊಮ್ಮೆ ಒಂದು ಚಿಕ್ಕಿ, ಎರಡು ಖರ್ಜೂರ, ಒಂದು ಹಿಡಿ ಹುರಿಗಡಲೆ, ಒಂದು ಚೂರು ಉಪ್ಪಿನಕಾಯಿ. ಪುಳಿಯೋಗರೆ ಸಂಜೆವರೆಗೂ ಕೆಡದೆ ಉಳಿಯುತ್ತದೆ, ಮೊಸರನ್ನ ಬ್ಯಾಗಿನ ಕಾವಿಗೆ ಹುಳಿಯಾಗುತ್ತದೆ. ಸೆಳೆತ ಬಂದಾಗ ಉಜ್ಜುವುದಕ್ಕಿಂತ ಎಳೆಯುವುದು ಒಳ್ಳೆಯದು: ಮಂಡಿ ನೇರ ಮಾಡಿಸಿ, ಪಾದದ ತುದಿಯನ್ನು ಮಂಡಿಯ ಕಡೆಗೆ ಒತ್ತಿ ಅರ್ಧ ನಿಮಿಷ ಹಿಡಿಯಿರಿ.

ಪ್ರಶ್ನೆ: ಮೂರು ವರ್ಷ ಕಪಾಟಿನಲ್ಲಿಟ್ಟಿದ್ದ ಒಳ್ಳೆಯ ಬೂಟಿನ ಸೋಲು ಅರ್ಧ ದಾರಿಯಲ್ಲಿ ಬಾಯಿ ಬಿಟ್ಟಿತು. ಹೆಚ್ಚು ಬಳಸಿಯೂ ಇರಲಿಲ್ಲ. (ಮಂಗಳೂರು)

ಬಳಸದೇ ಇಟ್ಟದ್ದೇ ಕಾರಣ. ಬೂಟಿನ ನಡುವಿನ ಪದರ ಪಾಲಿಯುರೆಥೇನಿನದ್ದಾಗಿದ್ದರೆ ಗಾಳಿಯ ತೇವ ಅದನ್ನು ಒಳಗೊಳಗೇ ಒಡೆಯುತ್ತದೆ. ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ಹೊರಗೆ ಹೊಸದರಂತೆ ಕಂಡರೂ ಒಳಗೆ ಪುಡಿಯಾಗುತ್ತದೆ. ಹೊರಡುವ ವಾರದ ಮೊದಲು ಬೂಟು ಹಾಕಿಕೊಂಡು ಎರಡು ದಿನ ನಡೆದು, ಸೋಲಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಂಡರೆ, ಅಂಚು ಪುಡಿಯುದುರಿದರೆ ತೆಗೆದುಕೊಂಡು ಹೋಗಬೇಡಿ. ದಾರಿಯಲ್ಲಿ ಕಿತ್ತರೆ ಎರಡು ಮೀಟರ್ ನೈಲಾನ್ ದಾರವನ್ನು ಸೋಲಿನ ಸುತ್ತ, ಹಿಮ್ಮಡಿಯ ಮುಂದೆ ಮತ್ತು ಬೆರಳಿನ ಬುಡದಲ್ಲಿ ಎರಡು ಕಡೆ ಕಟ್ಟಿ, ಅದರ ಮೇಲೆ ಬಟ್ಟೆಯ ಟೇಪು ಸುತ್ತಿ. ಬರೀ ಟೇಪು ಅರ್ಧ ಗಂಟೆಗೆ ಸವೆಯುತ್ತದೆ. ಗಮ್ಮು ನೆಚ್ಚಬೇಡಿ, ಒದ್ದೆ ರಬ್ಬರಿಗೆ ಹಿಡಿಯುವುದಿಲ್ಲ.

ಪ್ರಶ್ನೆ: ಹತ್ತುವಾಗ ಚೆನ್ನಾಗಿದ್ದ ಅಕ್ಕನಿಗೆ ಇಳಿಯುವಾಗ ಮಂಡಿ ನೋವು, ಕಾಲು ನಡುಕ. ಅಳುವುದೊಂದು ಬಾಕಿ. (ತುಮಕೂರು)

ಹತ್ತುವಾಗ ತೊಡೆಯ ಸ್ನಾಯು ಮೋಟಾರು, ಇಳಿಯುವಾಗ ಅದೇ ಬ್ರೇಕು. ಪ್ರತಿ ಹೆಜ್ಜೆಯಲ್ಲೂ ಉದ್ದವಾಗುತ್ತಲೇ ಬಿಗಿಹಿಡಿಯಬೇಕು. ಆ ಕೆಲಸಕ್ಕೆ ಅಭ್ಯಾಸವಿಲ್ಲದ ಸ್ನಾಯು ಒಂದೆರಡು ಗಂಟೆಗೆ ಕೈಬಿಡುತ್ತದೆ, ಆಮೇಲೆ ಭಾರ ನೇರವಾಗಿ ಮಂಡಿ ಚಿಪ್ಪಿನ ಮೇಲೆ. ನಡುಕ ಬರುವುದು ಅದರ ಮುನ್ಸೂಚನೆ.

ಕೋಲು ಒಂದಲ್ಲ, ಎರಡು ಬೇಕು. ಸಮತಟ್ಟಿನಲ್ಲಿ ಮೊಣಕೈ ತೊಂಬತ್ತು ಡಿಗ್ರಿ ಮಡಿಯುವಷ್ಟು ಉದ್ದ. ಇಳಿಯುವಾಗ 5–10 ಸೆಂ.ಮೀ. ಹೆಚ್ಚಿಸಿ. ಕಾಲಿಡುವ ಮೊದಲು ಕೋಲಿಡಬೇಕು, ಕಾಲಿಟ್ಟ ಮೇಲೆ ಊರಿದರೆ ಪ್ರಯೋಜನವಿಲ್ಲ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಎತ್ತರದ ಕಲ್ಲಿನಿಂದ ಒಂದೇ ಜಿಗಿತ ಬೇಡ. ಪಕ್ಕಕ್ಕೆ ತಿರುಗಿ ಇಳಿಯಿರಿ, ಬೇಕಿದ್ದರೆ ಕೂತು ಜಾರಿ. ಪ್ಯಾಂಟು ಹರಿದರೆ ಹೊಲಿಸಬಹುದು. ಕುಮಾರ ಪರ್ವತದ ತುದಿಗೆ ಮೊದಲು ಸಿಗುವ ಶೇಷಪರ್ವತದಿಂದ ಕೆಳಗಿನ ಹುಲ್ಲಿನ ಇಳಿಜಾರಿನಲ್ಲಿ ದಾರಿಯ ಒಳಗೇ ಎಡ-ಬಲ ಓಲುತ್ತಾ ಇಳಿಯಬಹುದು, ಹೊಸ ಅಡ್ಡದಾರಿ ಕೊರೆಯಬೇಡಿ.

ಬೂಟಿನ ದಾರವನ್ನು ಇಳಿಯುವ ಮೊದಲು ಬಿಚ್ಚಿ ಹೊಸದಾಗಿ ಕಟ್ಟಿ: ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಕಣಕಾಲಿನ ಮಡಿಕೆಯ ಬಳಿ ಬಿಗಿ ಮಾಡಿ. ಪಾದ ಮುಂದಕ್ಕೆ ಜಾರದಿದ್ದರೆ ಉಂಗುಟದ ಉಗುರು ಕಪ್ಪಾಗುವುದಿಲ್ಲ. ಉಗುರನ್ನು ಮೂರು ದಿನ ಮೊದಲೇ ಕತ್ತರಿಸಿರಬೇಕು. ಅಕ್ಕನಿಗೆ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವೂ ಇಳಿಯುವುದೇ. ಒಂದು ಮೆಟ್ಟಿಲ ಮೇಲೆ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ಕೆಳಗೆ ತಾಗುವವರೆಗೆ ಮೂರು ಎಣಿಸುತ್ತಾ ಬಾಗುವುದು, ಕಾಲಿಗೆ ಹನ್ನೆರಡರಂತೆ ಮೂರು ಸಲ.

ಪ್ರಶ್ನೆ: ಮಾವನವರಿಗೆ ಸಕ್ಕರೆ ಕಾಯಿಲೆ. ನಡಿಗೆ ಚುರುಕು. ಕೊಡಚಾದ್ರಿಗೆ ಕರೆದೊಯ್ಯಬಹುದೇ? (ಬೆಂಗಳೂರು)

ಯಾವ ಮಾತ್ರೆ ಎಂಬುದರ ಮೇಲೆ ನಿಂತಿದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಅಪಾಯಕ್ಕೆ ಇಳಿಯುವುದು ಅಪರೂಪ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ್ದಿದ್ದರೆ ನಾಲ್ಕು ಗಂಟೆಯ ಏರು ಸಕ್ಕರೆಯನ್ನು ತಳಕ್ಕಿಳಿಸಬಹುದು. ಆ ದಿನದ ಪ್ರಮಾಣ ಎಷ್ಟು ಎಂದು ಅವರ ವೈದ್ಯರನ್ನೇ ವಾರ ಮುಂಚೆ ಕೇಳಿ. ಕೈ ನಡುಕ, ತಣ್ಣನೆ ಬೆವರು, ಕಾರಣವಿಲ್ಲದ ಸಿಟ್ಟು ಕಂಡರೆ ‘ಸುಸ್ತು’ ಎಂದು ಬಿಡದೆ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ನಾಲ್ಕು ಟೀಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಕೂರಿಸಿ ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ. ಚಾಕಲೇಟು ಬೇಡ, ಅದರ ಕೊಬ್ಬಿನಿಂದ ಸಕ್ಕರೆ ತಡವಾಗಿ ಏರುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಪಾದದ ಸ್ಪರ್ಶ ಕಡಿಮೆಯಿದ್ದರೆ ಗುಳ್ಳೆ ಎದ್ದದ್ದು ಗೊತ್ತೇ ಆಗುವುದಿಲ್ಲ, ಪ್ರತಿ ವಿಶ್ರಾಂತಿಯಲ್ಲೂ ಕಾಲುಚೀಲ ತೆಗೆಸಿ. ಸಕ್ಕರೆ ಆ ರಾತ್ರಿಯೂ ಇಳಿಯಬಹುದು, ಮಲಗುವ ಮುನ್ನ ಇನ್ನೊಮ್ಮೆ ನೋಡಿ.

ಪ್ರಶ್ನೆ: ಇಂಬಳ ಕಂಡರೆ ಕಿರುಚಿ ನಿಂತುಬಿಡುವವಳನ್ನು ಹೇಗೆ ನಡೆಸುವುದು? (ಚಿಕ್ಕಮಗಳೂರು)

ನಿಲ್ಲಲು ಬಿಡಬೇಡಿ, ನಿಂತಲ್ಲೇ ಹೆಚ್ಚು ಹತ್ತುತ್ತವೆ. ಒತ್ತು ನೇಯ್ಗೆಯ ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮಂಡಿವರೆಗೆ ಎಳೆದು ಕಟ್ಟಿ, ಬೂಟಿನ ಸುತ್ತ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ಹಚ್ಚಿ. ಕಚ್ಚಿದ್ದನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಬಿಟ್ಟ ರಸದಿಂದಾಗಿ ಗಾಯ ಬಹಳ ಹೊತ್ತು ಸೋರುತ್ತದೆ, ಗಾಬರಿ ಬೇಡ. ಮಳೆ ನಿಂತ ಮೇಲೆ, ಡಿಸೆಂಬರ್–ಜನವರಿಯಲ್ಲಿ ಹೋದರೆ ಪ್ರಶ್ನೆಯೇ ಹೆಚ್ಚುಕಡಿಮೆ ಇರುವುದಿಲ್ಲ.

ಪ್ರಶ್ನೆ: ‘ನನ್ನ ಕೈಲಾಗದು, ನೀವು ಹೋಗಿ ಬನ್ನಿ, ಇಲ್ಲೇ ಕೂತಿರ್ತೀನಿ’ ಎಂದರೆ? (ಹಾಸನ)

ಒಬ್ಬರನ್ನೇ ಕೂರಿಸಿ ಹೋಗಬಾರದು. ಮಂಜು ಕವಿದರೆ ಹತ್ತು ಮಾರು ಕಾಣದು, ಕುಮಾರ ಪರ್ವತವಿರುವ ಪುಷ್ಪಗಿರಿ ಆನೆಗಳಿರುವ ಅಭಯಾರಣ್ಯ, ಮೊಬೈಲು ಸಿಗುತ್ತದೆಂಬ ಭರವಸೆಯಿಲ್ಲ. ಕೂತವರು ಬೇಸರವಾಗಿ ತಾವೇ ಇಳಿಯಲು ಹೊರಟು ದಾರಿ ತಪ್ಪುವುದೇ ಹೆಚ್ಚು. ನಾಲ್ವರಿದ್ದರೆ ಒಬ್ಬ ಅವರ ಜೊತೆ ಕೂರಲಿ, ಇಬ್ಬರು ಮುಂದೆ ಹೋಗಲಿ. ಅದೂ ಗೊತ್ತಾದ ಜಾಗದಲ್ಲಿ, ಗೊತ್ತಾದ ಸಮಯಕ್ಕೆ. ಇಬ್ಬರೇ ಇದ್ದರೆ ಇಬ್ಬರೂ ಇಳಿಯಬೇಕು.

ವಾಪಸು ತಿರುಗುವ ಸಮಯವನ್ನು ಬೆಳಿಗ್ಗೆ ಬುಡದಲ್ಲೇ ನಿಗದಿ ಮಾಡಿ ಎಲ್ಲರೆದುರು ಹೇಳಿ. ಮೇಲೆ ಹೋದ ಮೇಲೆ ‘ಇನ್ನೊಂದೇ ಗುಡ್ಡ’ ಎನ್ನುವ ಬಾಯಿಗಳು ಹೆಚ್ಚು, ‘ಸಾಕು’ ಎನ್ನುವ ಬಾಯಿ ಒಂದೇ, ಅದೂ ಸಂಕೋಚದ್ದು. ಕುಕ್ಕೆಯ ದಾರಿಗೆ ನಮ್ಮ ಲೆಕ್ಕ ಹೀಗೆ: ಭಟ್ಟರ ಮನೆಗೆ ಮೂರೂವರೆ ಗಂಟೆಯೊಳಗೆ ತಲುಪದಿದ್ದರೆ ತುದಿಯ ಆಸೆ ಆ ದಿನಕ್ಕೆ ಬಿಡಿ. ಎಲ್ಲೇ ಇರಿ, ಮಧ್ಯಾಹ್ನ 12:30ಕ್ಕೆ ತಿರುಗಿ. ಶೇಷಪರ್ವತದಿಂದ ಮುಂದಿನ ಕಾಡಿನ ಇಳುಕಲನ್ನು ನೋಡಿ ಇನ್ನೇನು ಬಂತು ಎಂದುಕೊಳ್ಳುವವರೇ ಹೆಚ್ಚು ಸಿಕ್ಕಿಬೀಳುವುದು. ಅಲ್ಲಿಂದ ಮತ್ತೆ ಬಂಡೆ ಹತ್ತಬೇಕು, ಬರುವಾಗ ಅದೇ ಇಳುಕಲು ಏರಾಗುತ್ತದೆ.

ಸುಸ್ತಿಗೂ ಕಾಯಿಲೆಗೂ ವ್ಯತ್ಯಾಸ ತಿಳಿಯಲು ಹದಿನೈದು ನಿಮಿಷ ಕೊಡಿ. ನೆರಳಲ್ಲಿ ಕೂರಿಸಿ, ಬೂಟು ಸಡಿಲಿಸಿ, ಉಪ್ಪು-ಸಿಹಿ ಎರಡೂ ಕೊಡಿ. ಮುಖಕ್ಕೆ ಬಣ್ಣ ಬಂದು ಮಾತು ಶುರುವಾದರೆ ಸುಸ್ತು ಅಷ್ಟೇ, ನಿಧಾನ ಇಳಿಸಬಹುದು. ಕೂತರೂ ಉಸಿರು ಇಳಿಯದಿದ್ದರೆ, ಎದೆ ಹಿಂಡಿದಂತಾಗಿ ನೋವು ದವಡೆಗೋ ತೋಳಿಗೋ ಹರಿದರೆ ಒಂದು ಹೆಜ್ಜೆಯೂ ನಡೆಸಬೇಡಿ, ಕೆಳಕ್ಕೂ ಬೇಡ. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ 300 ಮಿ.ಗ್ರಾಂ ಅಗಿಸಿ, 112ಕ್ಕೆ ಕರೆ ಮಾಡಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದ್ದಿದ್ದರೆ ಈ ಕರೆ ಹೋಗಬಹುದು, ಪ್ರಯತ್ನಿಸಿ. ಬಿಸಿಲಲ್ಲಿ ಮೈ ಕೆಂಡವಾಗಿ ಮಾತು ಅಡ್ಡಾದಿಡ್ಡಿಯಾದರೆ ಶಾಖಾಘಾತ: ಕುಡಿಯುವ ನೀರೆಂದು ಜಿಪುಣತನ ಮಾಡದೆ ಮೈಗೆ ಸುರಿದು ಬೀಸಿ. ಒದ್ದೆ ಹತ್ತಿ ಬಟ್ಟೆಯಲ್ಲಿ ಗಾಳಿಗೆ ನಿಂತು ನಡುಗಿ, ಆಮೇಲೆ ನಡುಕ ನಿಂತು ಮಂಕಾದರೆ ಅದು ಇದರ ತಿರುವುಮುರುವು. ಒಣ ಬಟ್ಟೆ ತೊಡಿಸಿ, ಕಲ್ಲಿನ ಮೇಲಲ್ಲ, ಬ್ಯಾಗಿನ ಮೇಲೆ ಕೂರಿಸಿ.

ಹೊತ್ತು ಇಳಿಸುವುದು ಸಿನಿಮಾದಷ್ಟು ಸುಲಭವಲ್ಲ. ಒಬ್ಬ ಬೆನ್ನ ಮೇಲೆ ಹೊತ್ತರೆ ಕಲ್ಲಿನ ದಾರಿಯಲ್ಲಿ ಇಬ್ಬರೂ ಬೀಳುತ್ತಾರೆ. ಸ್ಟ್ರೆಚರಿಗೆ ಒಂದು ಸರದಿಗೆ ಆರು ಜನ ಬೇಕು, ಬದಲಿಗೆ ಇನ್ನಾರು. ಹಾಗಾಗಿ ಇಬ್ಬರನ್ನು ಅರಣ್ಯ ಠಾಣೆಗೆ ಕಳಿಸಿ. ಜಾಗ, ಸಮಯ, ವಯಸ್ಸು, ಲಕ್ಷಣ ನಾಲ್ಕನ್ನೂ ಚೀಟಿಯಲ್ಲಿ ಬರೆದು ಕೊಡಿ. ಉಳಿದವರು ಸೀಟಿ ಊದಲಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಮೂರು ಸೀಟಿ ಕೇಳಿದರೆ ಯಾರೋ ಓಗೊಟ್ಟಿದ್ದಾರೆ.

ಪ್ರಶ್ನೆ: ಕೇದಾರಕಂಠಕ್ಕೆ ಹೋಗುತ್ತಿದ್ದೇವೆ. ಕುಮಾರ ಪರ್ವತ ಹತ್ತಿದವರಿಗೆ ಅದು ಸಲೀಸು ಎನ್ನುತ್ತಾರೆ, ನಿಜವೇ? (ಬೆಂಗಳೂರು)

ಕಾಲಿಗೆ ಸಲೀಸು, ತಲೆಗೆ ಅಲ್ಲ. ನಮ್ಮ ರಾಜ್ಯದ ಯಾವ ಬೆಟ್ಟವೂ 2000 ಮೀಟರ್ ಮುಟ್ಟುವುದಿಲ್ಲ. ಉತ್ತರಾಖಂಡದ ಆ ತುದಿ ಸುಮಾರು 3800 ಮೀಟರ್. ಬೆಂಗಳೂರು 900 ಮೀಟರಿನಲ್ಲಿದೆ ಎಂಬ ಹೆಗ್ಗಳಿಕೆ ಅಲ್ಲಿ ಕಾಸಿನ ಕೆಲಸಕ್ಕೆ ಬಾರದು. ಗಾಳಿ ತೆಳುವಾದಲ್ಲಿ ಬರುವ ಎತ್ತರದ ಕಾಯಿಲೆ ಗಟ್ಟಿಮುಟ್ಟಾದವರನ್ನೂ ಬಿಡುವುದಿಲ್ಲ. ವೇಗವಾಗಿ ಏರುವವರು ಅವರೇ ಆದ್ದರಿಂದ ಸಿಕ್ಕಿಬೀಳುವುದೂ ಅವರೇ.

ಜೊತೆಗಾರರಿಗೆ ತಲೆನೋವಿನ ಜೊತೆ ವಾಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅಲ್ಲೇ ನಿಲ್ಲಿ, ಮೇಲೇರಬೇಡಿ. ರಾತ್ರಿ ಕಳೆದರೂ ಇಳಿಯದಿದ್ದರೆ, ಅಥವಾ ಹೆಚ್ಚಿದರೆ, 300ರಿಂದ 1000 ಮೀಟರ್ ಕೆಳಕ್ಕೆ ಕರೆದೊಯ್ಯಿರಿ. ಹಿಮ್ಮಡಿಗೆ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳಿಗೆ ನೀರು ತುಂಬುತ್ತಿದೆ ಎಂದು ತಿಳಿದು ರಾತ್ರಿಯಾದರೂ ಇಳಿಸಿ. ಕೂತಲ್ಲೇ ಏದುಸಿರು, ಒಣಕೆಮ್ಮು ಬಂದರೂ ಅಷ್ಟೇ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಳ್ಳೆಯ ಅಂಕಿ ತೋರಿಸಿತೆಂದು ಲಕ್ಷಣಗಳನ್ನು ತಳ್ಳಿಹಾಕಬೇಡಿ. ಈ ಕಾಯಿಲೆ ತಡೆಯಲು ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆ ಬೇಕೆನ್ನುವವರಿಗೆ ಸಾಮಾನ್ಯ ಪ್ರಮಾಣ 125 ಮಿ.ಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮ್ಮೆನ್ನುವುದು ಆ ಮಾತ್ರೆಯ ಗುಣ, ಅದಕ್ಕೆ ಹೆದರಿ ಮಧ್ಯದಲ್ಲಿ ಬಿಡಬೇಡಿ. ಮೂತ್ರ ಹೆಚ್ಚು ಹೋಗುತ್ತದೆ, ಟೆಂಟಿನ ಬಾಗಿಲ ಪಕ್ಕದ ಜಾಗ ಅವರಿಗೆ ಬಿಟ್ಟುಕೊಡಿ.